ಒಂಬತ್ತನೇ ಸೊನ್ನೆ

ನಮ್ಮ ಆರೋಗ್ಯ ಕೇಂದ್ರದಲ್ಲಿ ಮೂವತ್ತೊಂದು ಕುರ್ಚಿಗಳಿವೆ. ದಿನಕ್ಕೆರಡು ಸಲ ಅವನ್ನು ಒರೆಸುವವಳು ನಾನು. ಕೂರುವವರು ಬೇರೆ. ನೀನು ಕೂರಬೇಡ ಅಂತ ಯಾರೂ ಬೋರ್ಡು ಹಾಕಿಲ್ಲ. ಹದಿನಾಲ್ಕು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ದಿನ, ಸೊಂಟ ನೋವೆಂದು ಒಂದು ಕುರ್ಚಿಯ ತುದಿಯಲ್ಲಿ ಕೂತಿದ್ದೆ. ಔಷಧಿ ಕೊಡುವವನು ಕಿಟಕಿಯಿಂದ ನೋಡಿದ. ನಾನು ಎದ್ದ ಮೇಲೆ ಹೊರಗೆ ಬಂದು ಆ ಕುರ್ಚಿಯನ್ನು ಸ್ಪಿರಿಟ್ ಹಚ್ಚಿ ಒರೆಸಿದ. ಅವತ್ತಿನಿಂದ ಬೋರಲು ಹಾಕಿದ ಬಕೆಟ್ಟೇ ನನ್ನ ಕುರ್ಚಿ.

ಆ ಬಕೆಟ್ಟುಗಳಿಗೆ ನಂಬರು ಬರೆದವಳೂ ನಾನೇ. ಏಳನೇ ಕ್ಲಾಸು ಪಾಸಾದವಳು ನಮ್ಮ ಗುಂಪಿನಲ್ಲಿ ನಾನೊಬ್ಬಳು. ಹೆರಿಗೆ ಕೋಣೆಯದು ಹತ್ತು, ವಾರ್ಡಿನದು ಇಪ್ಪತ್ತು, ಕಕ್ಕಸಿನದು ಮೂವತ್ತು. ಕೆಂಪು ಬಣ್ಣದಲ್ಲಿ ಬರೆದೆ. ನನ್ನ ಸೊನ್ನೆಗೆ ಒಂದು ಬಾಲ ಇರುತ್ತದೆ. ಸುತ್ತಿ ಮುಗಿಸುವಾಗ ಕೈ ಹೊರಕ್ಕೆ ಜಾರುತ್ತದೆ. ಅದಕ್ಕೆ ಮೇಷ್ಟರು ನನ್ನ ಬೆರಳ ಗೆಣ್ಣಿಗೆ ಎಷ್ಟು ಸಲ ಬಾರಿಸಿದರೂ ಬಾಲ ಹೋಗಲಿಲ್ಲ.

ಹತ್ತನೇ ನಂಬರಿನ ಬಕೆಟ್ಟು ನನ್ನ ನಾದಿನಿಯದು. ಗಂಡನ ತಂಗಿ. ಅವಳ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ಒಂದು ಟ್ರಂಕು ಹೊತ್ತುಕೊಂಡು ನಮ್ಮ ಮನೆಗೆ ಬಂದಳು. ನಾನೇ ಸೂಪರ್‌ವೈಸರನ ಕಾಲು ಹಿಡಿದು ಅವಳಿಗೆ ಹೆರಿಗೆ ಕೋಣೆಯ ಕೆಲಸ ಕೊಡಿಸಿದೆ. ಅವಳಿಗೆ ಓದು ಬರಹ ಗೊತ್ತಿಲ್ಲ. ಬಾಯಿ ಮಾತ್ರ ಜೋರು. ಹೆರಿಗೆ ನೋವು ತಿನ್ನುವ ಹೆಂಗಸರನ್ನು ಗದರಿಸಿ, ಬೈದು ಉಸಿರೆಳೆಸುತ್ತಿದ್ದಳು. "ಮೊದಲು ನೂಕಮ್ಮ, ಆಮೇಲೆ ನಿನ್ನ ಅತ್ತೇನ ಬೈಯುವಂತೆ" ಅನ್ನುತ್ತಿದ್ದಳು. ನೋವಿನಲ್ಲೂ ಅವರು ನಗುತ್ತಿದ್ದರು. ಆಮೇಲೆ ರಕ್ತ ಒರೆಸುವುದು, ಮಾಸು ಎತ್ತುವುದು, ಬಟ್ಟೆ ನೆನೆಸುವುದು, ಮತ್ತೆ ರಕ್ತ ಒರೆಸುವುದು. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಹೇಳಿದವನು ನಮ್ಮ ಹೆರಿಗೆ ಕೋಣೆ ನೋಡಿರಲಿಕ್ಕಿಲ್ಲ.

ಸತ್ತು ಹುಟ್ಟಿದ ಕೂಸುಗಳನ್ನು ಹೊರಗೆ ಒಯ್ಯುವುದೂ ಅವಳ ಕೆಲಸವೇ. ಯಾರೂ ಕೇಳಿಕೊಂಡು ಬರದಿದ್ದರೆ ಹಿಂದಿನ ಗೋಡೆಯ ಪಕ್ಕ ಗುಂಡಿ ಇದೆ. ಆ ವಾರ ಮೂರು ಬಂದವು. ಮೂರನೆಯದನ್ನು ಸಿಸ್ಟರ್ ಬಟ್ಟೆಯಲ್ಲಿ ಸುತ್ತಿ ಅವಳ ಕೈಗಿಟ್ಟರು.

"ಸಿಸ್ಟರ್, ಇನ್ನೂ ಬಿಸಿ ಇದೆ" ಅಂದಳು ನಾದಿನಿ.

"ಅದು ತಾಯಿ ಹೊಟ್ಟೆ ಬಿಸಿ ಕಣೇ. ತಗೊಂಡು ಹೋಗು."

"ಇನ್ನೊಂದ್ಸಲ ನೋಡಿ ಸಿಸ್ಟರ್."

"ಡಾಕ್ಟ್ರು ನೋಡಾಯ್ತು. ನೀನು ಡಾಕ್ಟ್ರಾ?"

ಒಯ್ದಳು. ಗುಂಡಿಯ ಹತ್ತಿರ ಬಹಳ ಹೊತ್ತು ಕೂತಿದ್ದಳಂತೆ, ಆರುತ್ತದೋ ಇಲ್ಲವೋ ನೋಡಲಿಕ್ಕೆ. ಆರಿತಂತೆ. ನನಗೆ ಇದನ್ನೆಲ್ಲ ಅವಳೇ ಹೇಳಿದಳು, ಹೇಳುವಷ್ಟು ಮಾತು ಅವಳಲ್ಲಿ ಉಳಿದಿದ್ದ ದಿನಗಳಲ್ಲಿ. ಆಮೇಲೆ ಅವಳ ಅಂಗೈ ಬಿಸಿಯಾಗಿಯೇ ಇದೆ ಅನ್ನಲು ಶುರು ಮಾಡಿದಳು. ಮನೆಗೆ ಬಂದರೆ ನೀರಿನ ತೊಟ್ಟಿಯಲ್ಲಿ ಎರಡೂ ಕೈ ಮುಳುಗಿಸಿ ಕೂರುವಳು. ನಾನು ಮುಟ್ಟಿ ನೋಡಿದೆ. ಕೈ ತಣ್ಣಗೇ ಇತ್ತು. "ಏನಿಲ್ಲ ಬಿಡೇ, ಎಲ್ಲಾ ಸರಿ ಹೋಗುತ್ತೆ" ಅಂದೆ. ಅದಕ್ಕಿಂತ ಹೆಚ್ಚು ನನಗೂ ಬರುತ್ತಿರಲಿಲ್ಲ.

ಅದೇ ತಿಂಗಳಲ್ಲಿ ಮನಸ್ಸಿನ ತಪಾಸಣೆ ಬಂತು.

ಮಂಗಳವಾರ, ಶುಕ್ರವಾರ ಕೌನ್ಸೆಲರ್ ಬರುತ್ತಿದ್ದರು. ಚಿಕ್ಕ ವಯಸ್ಸಿನ ಹೆಂಗಸು. ಅವರಿಗೆ ಕೋಣೆ ಕೊಡಲಿಲ್ಲ. ಇಂಜೆಕ್ಷನ್ ಕೋಣೆಗೂ ಕಕ್ಕಸಿಗೂ ನಡುವೆ ಒಂದು ಮೇಜು, ಎರಡು ಕುರ್ಚಿ. ಗೋಡೆಗೆ ಒಂದು ಹಾಳೆ ಅಂಟಿಸಿದ್ದರು: ನಿಮ್ಮ ಮಾತು ಗುಟ್ಟಾಗಿ ಉಳಿಯುತ್ತದೆ. ಎದುರಿಗೇ ಇಂಜೆಕ್ಷನ್ ಸಾಲು. ಒಬ್ಬಳು ತನಗೆ ನಿದ್ದೆ ಬರುವುದಿಲ್ಲ ಅಂದರೆ ಸಾಲಿನಲ್ಲಿ ನಿಂತ ಇಪ್ಪತ್ತು ಜನ ಕಾರಣ ಏನೆಂದು ತಾವೇ ಹೇಳಿ ಮುಗಿಸುತ್ತಿದ್ದರು.

ಆ ಕೌನ್ಸೆಲರ್ ಕೆಟ್ಟವರೇನಲ್ಲ. ಮೊದಲ ದಿನವೇ ಎದುರಿನ ಕುರ್ಚಿ ತೋರಿಸಿ "ಕೂತ್ಕೊಳ್ಳಿ ಅಕ್ಕಾ" ಅಂದರು. ಹದಿನಾಲ್ಕು ವರ್ಷದಲ್ಲಿ ಆ ಕಟ್ಟಡದೊಳಗೆ ನನಗೆ ಕೂತ್ಕೋ ಅಂದವರು ಅವರೊಬ್ಬರೇ. ಕೂತೆ. ಔಷಧಿ ಕೊಡುವವನು ನೋಡಿದ. ನಾನೂ ಅವನನ್ನು ನೋಡಿದೆ. ಒಳಗೊಳಗೇ ಹಿಗ್ಗಿ ಹೀರೇಕಾಯಿಯಾದೆ.

ನನಗೆ ಓದು ಬರುತ್ತದೆಂದು ತಿಳಿದ ಮೇಲೆ ಅವರು ಒಂದು ಪೆನ್ನು ಕೊಟ್ಟರು, ಒಂದು ಕಟ್ಟು ಫಾರಂ ಕೊಟ್ಟರು. ಫಾರಮ್ಮಿನಲ್ಲಿ ಒಂಬತ್ತು ಪ್ರಶ್ನೆ. ಪ್ರತಿಯೊಂದರ ಮುಂದೆ ಒಂದು ಚೌಕ. ಇಲ್ಲ ಅಂದರೆ ಸೊನ್ನೆ. ಕೆಲವು ದಿನ ಅಂದರೆ ಒಂದು. ಬಹಳ ದಿನ ಅಂದರೆ ಎರಡು. ದಿನಾ ಅಂದರೆ ಮೂರು.

"ಅಕ್ಕಾ, ಎಲ್ಲಾ ಫಾರಂನ ಒಂಬತ್ತನೇ ಚೌಕದಲ್ಲೂ ಸೊನ್ನೆ ಹಾಕಿಡ್ತೀರಾ? ನನಗೆ ಟೈಮ್ ಉಳಿಯುತ್ತೆ."

ಒಂಬತ್ತನೇ ಪ್ರಶ್ನೆ ಓದಿದೆ. ಬದುಕಿರುವುದಕ್ಕಿಂತ ಸಾಯುವುದೇ ವಾಸಿ ಅಂತ ನಿಮಗೆ ಅನಿಸಿದೆಯೇ?

"ಕೇಳೋದು ಬೇಡವಾ ಮೇಡಂ?"

ಅವರು ಫಾರಮ್ಮಿನ ಕಟ್ಟನ್ನು ಅಂಚು ಕೂಡಿಸಿ ಇಟ್ಟರು. ಆಮೇಲೆ ಹೇಳಿದರು. ಅಲ್ಲಿ ಸೊನ್ನೆ ಬಿಟ್ಟು ಬೇರೆ ಏನು ಬಿದ್ದರೂ ಆ ರೋಗಿಯನ್ನು ಒಂಟಿಯಾಗಿ ಬಿಡುವ ಹಾಗಿಲ್ಲ. ಗಾಡಿ ತರಿಸಬೇಕು. ಜೊತೆಯಲ್ಲಿ ಕೂತು ದೊಡ್ಡಾಸ್ಪತ್ರೆಗೆ ಅವತ್ತೇ ಮುಟ್ಟಿಸಬೇಕು. ತಾವು ಹಿಂದೆ ಇದ್ದ ಕೇಂದ್ರದಲ್ಲಿ ಒಬ್ಬಳನ್ನು ಹಾಗೆ ಒಯ್ದಿದ್ದರು. ಅವತ್ತು ನಲವತ್ತು ಫಾರಂ ಆಗಬೇಕಿತ್ತು, ಆಗಿದ್ದು ಮೂರು. ಮಾರನೇ ದಿನ ಮೆಮೊ ಬಂತು. ಇನ್ನೊಂದು ಮೆಮೊ ಬಂದರೆ ಕೆಲಸ ಇಲ್ಲ. ಅವರದೂ ನಮ್ಮ ಹಾಗೆಯೇ ಕಾಂಟ್ರಾಕ್ಟು ಕೆಲಸ.

"ಕೇಳಿದ್ರೆ ಹೂಂ ಅಂತಾರೆ ಅಕ್ಕಾ. ಅದಕ್ಕೇ ಕೇಳಲ್ಲ."

ನಾನು ಸೊನ್ನೆ ಹಾಕಿದೆ. ಯಾರೂ ಹೊಡೆದು ಬಡಿದು ಹಾಕಿಸಲಿಲ್ಲ. ಮಂಗಳವಾರದ ಕಟ್ಟು ಸೋಮವಾರ ಮಧ್ಯಾಹ್ನ, ಶುಕ್ರವಾರದ ಕಟ್ಟು ಗುರುವಾರ ಮಧ್ಯಾಹ್ನ. ಕೆಲಸ ಮುಗಿಸಿ, ಕೈ ತೊಳೆದು, ಆ ಕುರ್ಚಿಯಲ್ಲಿ ನೆಟ್ಟಗೆ ಕೂತು ಬರೆಯುತ್ತಿದ್ದೆ. ನಲವತ್ತು ಫಾರಂ, ನಲವತ್ತು ಸೊನ್ನೆ. ಹೋಗುವವರು ಬರುವವರು ನೋಡಲಿ ಅಂತ ಪೆನ್ನು ಎತ್ತಿ ಎತ್ತಿ ಹಿಡಿಯುತ್ತಿದ್ದೆ. ಒಂದು ಕುರ್ಚಿಗೆ ಮಾರಿಹೋದೆ ನಾನು. ಈಗ ನೆನೆಸಿಕೊಂಡರೂ ನಾಚಿಕೆಯಾಗುತ್ತದೆ.

ನೌಕರರಿಗೂ ತಪಾಸಣೆ ಆಗಬೇಕೆಂದು ಮೇಲಿನಿಂದ ಕಾಗದ ಬಂತು. ಒಂದು ದಿನ ಹೆರಿಗೆ ಕೋಣೆಯ ಬಾಗಿಲಲ್ಲೇ ಕೌನ್ಸೆಲರ್ ನನ್ನ ನಾದಿನಿಯನ್ನು ನಿಲ್ಲಿಸಿ ಕೇಳಿದರು. ಅವಳ ಕೈಯಲ್ಲಿ ಹತ್ತನೇ ನಂಬರಿನ ಬಕೆಟ್ಟು, ತುಂಬಿದ್ದು. ಕೆಳಗಿಡು ಅಂತ ಅವರೂ ಹೇಳಲಿಲ್ಲ, ಅವಳೂ ಇಡಲಿಲ್ಲ. ನಾನು ಪಕ್ಕದಲ್ಲೇ ನೆಲ ಒರೆಸುತ್ತಿದ್ದೆ.

"ನಿದ್ದೆ ಬರುತ್ತಾ?"

"ಇಲ್ಲ."

"ರಾತ್ರಿ ಪಾಳಿ ಮಾಡೋರಿಗೆ ಯಾರಿಗೆ ಬರುತ್ತೆ? ಅದು ಕೆಲಸದಿಂದ." ಸೊನ್ನೆ.

"ಊಟ ಸೇರುತ್ತಾ?"

"ಇಲ್ಲ."

"ಆ ವಾಸನೆಯಲ್ಲಿ ಸೇರಲ್ಲ ಬಿಡಿ. ಅದೂ ಕೆಲಸದಿಂದ." ಸೊನ್ನೆ.

"ಮೊದಲು ಖುಷಿಯಿಂದ ಮಾಡ್ತಿದ್ದ ಕೆಲಸದಲ್ಲಿ ಈಗ ಆಸಕ್ತಿ ಕಮ್ಮಿ ಆಗಿದೆಯಾ?"

ನಾದಿನಿ ಬಕೆಟ್ಟು ನೋಡಿದಳು. "ಯಾವುದು ಮೇಡಂ, ಇದಾ?"

ಹೊರಗೆ ಕಾಯುತ್ತಿದ್ದ ಯಾರೋ ನಕ್ಕರು. ಕೌನ್ಸೆಲರೂ ನಕ್ಕರು. ನಾನೂ ನಕ್ಕೆ. ಅವಳು ನಗಲಿಲ್ಲ. ಎಂಟು ಪ್ರಶ್ನೆ ಹೀಗೆ ಮುಗಿದವು. ಕೆಲಸದಿಂದ ಬಂದದ್ದು ಕಾಯಿಲೆ ಅಲ್ಲವಂತೆ. ಒಂಬತ್ತನೆಯದಕ್ಕೆ ಮೊದಲೇ ಉತ್ತರ ಇತ್ತು. ಬಕೆಟ್ಟನ್ನು ಎಡಗೈಗೆ ಬದಲಾಯಿಸಿ ಬಲಗೈ ಹೆಬ್ಬೆಟ್ಟು ಒತ್ತಿದಳು. ಒತ್ತುವ ಮೊದಲು ಕಾಗದವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. ನಾನು ಅವಳಿಗೆ ಕಣ್ಣಲ್ಲೇ ಬೇಗ ಒತ್ತು ಅಂದೆ. ನೆಲ ಒಣಗುವುದರೊಳಗೆ ನನಗೆ ಇನ್ನೊಂದು ಸಲ ಒರೆಸಬೇಕಿತ್ತು.

ಅದಾದ ಎರಡು ವಾರಕ್ಕೆ ಅವಳು ಏಳಲಿಲ್ಲ. ಜ್ವರ ಇಲ್ಲ, ನೋವು ಇಲ್ಲ. ಗೋಡೆಗೆ ಮುಖ ಮಾಡಿ ಮಲಗಿದಳು. ತುತ್ತು ಬಾಯಿಗಿಟ್ಟರೆ ನುಂಗುವಳು, ಇಡದಿದ್ದರೆ ಕೇಳಳು. ನನ್ನ ಗಂಡ ಲಾರಿಗೆ ಮೂಟೆ ತುಂಬುವವನು. ಬಂದವನೇ ತಂಗಿಯ ತಲೆಯ ಹತ್ತಿರ ಕೂರುವನು. ಒಂದು ದಿನ "ಇವಳಿಗೆ ಏನಾಗಿದೆ ಅಂತ ನಿಮ್ಮ ಆಸ್ಪತ್ರೇಲಿ ಯಾರಿಗೂ ಗೊತ್ತಾಗಲ್ವಾ?" ಅಂದ. ಇಡೀ ಕೇಂದ್ರದ ಹೊಲಸು ತೊಳೆಯುವ ಇಬ್ಬರು ಹೆಂಗಸರಿದ್ದ ಮನೆ ನಮ್ಮದು. ದೀಪದ ಬುಡ ಕತ್ತಲೆ.

ಹದಿಮೂರನೇ ದಿನ, ಗುರುವಾರ ಮಧ್ಯಾಹ್ನ, ಸೂಪರ್‌ವೈಸರ್ ನನ್ನನ್ನು ಸ್ಟೋರ್ ರೂಮಿಗೆ ಕರೆದ. ಅವನ ಮುಂದೆ ಎರಡು ಕಾಗದ ಇದ್ದವು.

"ನಿನ್ನ ನಾದಿನಿ ಹೆಸರು ತೆಗೀತಾ ಇದೀವಿ. ಸಾಕ್ಷಿ ಸಹಿ ಹಾಕು."

"ಅವಳಿಗೆ ಹುಷಾರಿಲ್ಲ ಸಾರ್."

"ಏನು ಹುಷಾರಿಲ್ಲ? ಜ್ವರ ಇದೆಯಾ?"

"ಇಲ್ಲ. ಮನಸ್ಸಿಗೆ..."

"ಮನಸ್ಸಿಗೆ!" ಎರಡನೇ ಕಾಗದ ನನ್ನ ಮುಂದೆ ತಳ್ಳಿದ. "ಇಲ್ಲಿ ನೋಡು. ತಪಾಸಣೆ ಆಗಿದೆ. ಒಂಬತ್ತಕ್ಕೆ ಒಂಬತ್ತೂ ಸೊನ್ನೆ. ಅವಳ ಮನಸ್ಸು ನನ್ನ ಮನಸ್ಸಿಗಿಂತ ಚೆನ್ನಾಗಿದೆ. ಬೇಕಂತಲೇ ಬಂದಿಲ್ಲ ಅವಳು. ತಪಾಸಣೆ ನಿನ್ನ ಕಣ್ಣೆದುರಿಗೇ ಆಯ್ತು ಅಂತ ಸಹಿ ಹಾಕು, ಮುಗೀತು."

ಫಾರಂ ನೋಡಿದೆ. ಮೇಲಿನ ಎಂಟು ಸೊನ್ನೆಗಳು ನೀಲಿ, ಸಣ್ಣಗೆ, ಓಡುವ ಕೈಯವು. ಒಂಬತ್ತನೆಯದು ಕಪ್ಪು. ದುಂಡಗೆ. ಬಾಲ ಇತ್ತು.

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅಳುವೂ ಬರಲಿಲ್ಲ. ಫಿನಾಯಿಲಿನಲ್ಲಿ ಹೊತ್ತುಗಟ್ಟಲೆ ಇಟ್ಟ ಬೆರಳಿಗೆ ಸೂಜಿ ಚುಚ್ಚಿದರೂ ತಿಳಿಯುವುದಿಲ್ಲವಲ್ಲ, ಮೈಯೆಲ್ಲ ಹಾಗಾಯಿತು. ನಾನೇ ಬರೆದದ್ದು ಅಂತ ಮಾತ್ರ ತಿಳಿಯುತ್ತಿತ್ತು. ಅವಳನ್ನು ನೋಡದೆ, ಕೇಳದೆ, ಅವಳು ಬರುವ ಮೊದಲೇ, ಕುರ್ಚಿಯಲ್ಲಿ ನೆಟ್ಟಗೆ ಕೂತು ಬರೆದದ್ದು.

"ಹಾಕಲ್ಲ ಸಾರ್."

"ಏನು?"

"ಸಹಿ ಹಾಕಲ್ಲ. ಅದು ತಪಾಸಣೆ ಅಲ್ಲ. ಈ ಸೊನ್ನೆ ಅವಳು ಹೇಳಿದ್ದಲ್ಲ. ನಾನು ಹಾಕಿದ್ದು."

ಅವನಿಗೆ ಅರ್ಥವಾಗಲಿಲ್ಲ. ವಿವರಿಸಿ ಹೇಳಿದೆ. ಅರ್ಥವಾದ ಮೇಲೆ ಬಾಗಿಲು ಮುಚ್ಚಿದ. "ಬಾಯಿ ಮುಚ್ಕೊಂಡಿರು. ಇದು ಹೊರಗೆ ಹೋದ್ರೆ ಮೊದಲು ಜೈಲಿಗೆ ಹೋಗೋಳು ನೀನು. ಸರ್ಕಾರಿ ಕಾಗದದ ಮೇಲೆ ಬರೆಯೋಕೆ ನೀನ್ಯಾರು? ನಾಳೆ ಬೆಳಗ್ಗೆವರೆಗೂ ಟೈಮ್ ಕೊಡ್ತೀನಿ. ಸಹಿ ಹಾಕಿದ್ರೆ ಅವಳ ಒಬ್ಬಳ ಹೆಸರು ಹೋಗುತ್ತೆ. ಇಲ್ಲಾಂದ್ರೆ ನಿನ್ನದೂ ಸೇರಿಸಿ ಹೊಡೀತೀನಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆದರೆ ಈ ಎಮ್ಮೆಯ ತಪ್ಪೂ ಇತ್ತು. ಹೊರಗೆ ಬಂದೆ. ಮೇಜಿನ ಮೇಲೆ ಶುಕ್ರವಾರದ ಕಟ್ಟು ನನಗಾಗಿ ಕಾಯುತ್ತಿತ್ತು, ಪಕ್ಕದಲ್ಲಿ ಪೆನ್ನು. ನಾನು ಮುಟ್ಟಲಿಲ್ಲ. ಮಾಪು ಹಿಂಡಿ ಒಣಹಾಕಿ ಮನೆಗೆ ನಡೆದೆ.

ಇನ್ನೂ ಬಿಸಿಲಿತ್ತು. ನಾದಿನಿ ಗೋಡೆಯ ಕಡೆಗೇ ತಿರುಗಿದ್ದಳು. ಅವಳ ಬೆನ್ನ ಹಿಂದೆ ಕೂತೆ. ಮುಖ ಕಾಣದಿದ್ದದ್ದೇ ಅನುಕೂಲವಾಯಿತು.

"ಕೇಳಿಸ್ತಾ ಇದೆಯಾ? ಅವತ್ತು ನಿನ್ನ ಫಾರಂನಲ್ಲಿ ಕೊನೆಗೊಂದು ಸೊನ್ನೆ ಇತ್ತು. ಅದನ್ನ ನಾನು ಹಾಕಿದ್ದು ಕಣೇ."

ಎದ್ದು ಒಲೆ ಹಚ್ಚಲು ಹೊರಟೆ.

"ಗೊತ್ತು ಅತ್ತಿಗೆ" ಅಂದಳು.

ಹದಿಮೂರು ದಿನದಲ್ಲಿ ಅದೇ ಮೊದಲ ಮಾತು. ದನಿ ತುಕ್ಕು ಹಿಡಿದಿತ್ತು.

"ನಿನಗೆ ಹೆಂಗೆ ಗೊತ್ತು? ನಿನಗೆ ಓದೋಕೆ ಬರಲ್ವಲ್ಲ."

"ಬಾಲ ಇತ್ತಲ್ಲ. ನನ್ನ ಬಕೆಟ್ ಮೇಲಿರೋದೂ ಅದೇ. ದಿನಾ ನೋಡ್ತೀನಿ." ಗೋಡೆಯ ಕಡೆಗೇ ಮುಖವಿಟ್ಟು ಹೇಳಿದಳು. "ಮೇಡಂ ಎಂಟು ಕೇಳಿದ್ರು. ಇನ್ನೊಂದು ಕೇಳ್ತಾರೆ, ಆಗ ಹೇಳೋಣ ಅಂತಿದ್ದೆ. ಅಲ್ಲಿ ನಿನ್ನ ಸೊನ್ನೆ ಇತ್ತು. ಅತ್ತಿಗೇನೇ ನನ್ನ ಪರವಾಗಿ ಉತ್ತರ ಕೊಟ್ಟಿದಾಳೆ, ಇನ್ನು ನಾನೇನು ಹೇಳೋದು ಅಂತ ಸುಮ್ಮನಾದೆ."

ನನ್ನ ಕೈಯಲ್ಲಿ ಬೆಂಕಿಪೊಟ್ಟಣ ಇತ್ತು. ಅದನ್ನು ಹಿಡಿದುಕೊಂಡೇ ನೆಲದ ಮೇಲೆ ಕೂತೆ. ಆ ಒಂಬತ್ತನೇ ಪ್ರಶ್ನೆಯನ್ನು ಆಗಲೇ ಕೇಳಿಬಿಡಬಹುದಿತ್ತು. ಕೇಳದೆ ಒಲೆ ಹಚ್ಚಿದೆ. ಗಂಡ ಬಂದ ಮೇಲೆ ಅವನಿಗೆ ಎಲ್ಲ ಹೇಳಿದೆ. ಬೈಯುತ್ತಾನೆ ಅಂದುಕೊಂಡೆ. ಅವನು ಬೈಯಲಿಲ್ಲ. ತಂಗಿಯ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಅವಳ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಮಲಗಿದ.

ಶುಕ್ರವಾರ ಬೆಳಗ್ಗೆ ಅವಳಿಗೆ ಸ್ನಾನ ಮಾಡಿಸಿದೆ. ತಲೆ ಬಾಚಿದೆ. ನಾನು ಯೂನಿಫಾರಂ ಹಾಕಲಿಲ್ಲ. ಕೈ ಹಿಡಿದು ನಡೆಸಿಕೊಂಡು ಹೋದೆ. ಹದಿನಾಲ್ಕು ವರ್ಷ ಹಿಂಬಾಗಿಲಿಂದ ಹೊಕ್ಕವಳು ಅವತ್ತು ಮುಂಬಾಗಿಲಿಂದ ಹೋದೆ. ಚೀಟಿ ಮಾಡಿಸಿದೆ. ಇಪ್ಪತ್ತಾರನೇ ನಂಬರು. ಕುರ್ಚಿಗಳಲ್ಲಿ ಕೂತೆವು, ಒಬ್ಬರ ಪಕ್ಕ ಒಬ್ಬರು. ಔಷಧಿ ಕೊಡುವವನು ಕಿಟಕಿಯಿಂದ ತಲೆ ಹೊರಹಾಕಿದ. ನೆಲ ಯಾರೂ ಒರೆಸಿರಲಿಲ್ಲ. ನಿನ್ನೆಯ ಕೆಸರಿನ ಹೆಜ್ಜೆಗಳು ಹಾಗೇ ಇದ್ದವು.

ಸೂಪರ್‌ವೈಸರ್ ದಡದಡ ಬಂದ. "ಏನೇ ಇದು? ಮಾಪ್ ಎಲ್ಲಿ? ಏಳು ಮೇಲೆ."

"ಇವತ್ತು ನಾನು ರೋಗಿ ಕಡೆಯವಳು ಸಾರ್. ಚೀಟಿ ಇದೆ."

"ಸಹಿ?"

"ಹಾಕಲ್ಲ ಅಂತ ನಿನ್ನೇನೇ ಹೇಳಿದೆ."

"ಹಂಗಾದ್ರೆ ಇವತ್ತಿಂದ ನೀನೂ ಇಲ್ಲ."

"ಸರಿ" ಅಂದೆ. ಅಷ್ಟು ವರ್ಷದ ಕೆಲಸ ಒಂದು ಸರಿಯಲ್ಲಿ ಹೋಯಿತು. ಅವನು ಇನ್ನೂ ಏನೋ ಅನ್ನುತ್ತಿದ್ದ. ಇಪ್ಪತ್ತಾರು ಅಂತ ಕೂಗಿದರು, ನಾವು ಎದ್ದೆವು.

ಕೌನ್ಸೆಲರ್ ನಮ್ಮನ್ನು ಕಂಡು ಬೆಚ್ಚಿದರು. ನಾದಿನಿಯನ್ನು ಕುರ್ಚಿಯಲ್ಲಿ ಕೂರಿಸಿ ನಾನು ಪಕ್ಕದಲ್ಲಿ ನಿಂತೆ. ಅವರು ಕಟ್ಟಿನಿಂದ ಫಾರಂ ತೆಗೆದರು. ಕೆಳಗಿನ ಚೌಕ ಖಾಲಿ ಇತ್ತು. ಇನ್ನೊಂದು ತೆಗೆದರು. ಅದೂ ಖಾಲಿ.

"ಅಕ್ಕಾ, ನೀವು ಹಾಕಿಲ್ವಾ?"

"ಇಲ್ಲ ಮೇಡಂ. ಇನ್ನು ಹಾಕಲ್ಲ. ಅವಳನ್ನೇ ಕೇಳಿ."

ಅವರು ದನಿ ತಗ್ಗಿಸಿದರು. "ನಿಮಗೆ ಎಲ್ಲಾ ಗೊತ್ತಲ್ಲ ಅಕ್ಕಾ. ಬರೆದ್ರೆ ಇವತ್ತು ನಲವತ್ತು ಆಗಲ್ಲ."

"ಆಗಲ್ಲ."

"ನನ್ನ ಕೆಲಸ ಹೋಗುತ್ತೆ."

"ನನ್ನದು ಹೋಯ್ತು ಮೇಡಂ, ಈಗ ತಾನೇ. ಕೂತ್ಕೊಳ್ಳಿ ಅಕ್ಕಾ ಅಂದೋರು ನೀವೊಬ್ರೇ. ಅದಕ್ಕೇ ನಿಮ್ಮ ಹತ್ರಾನೇ ಕರ್ಕೊಂಡು ಬಂದೆ. ಕೇಳಿ."

ಇಂಜೆಕ್ಷನ್ ಸಾಲು ನಮ್ಮ ಕಡೆಗೇ ತಿರುಗಿ ನಿಂತಿತ್ತು. ಕೌನ್ಸೆಲರ್ ಆ ಸಾಲನ್ನು ನೋಡಿದರು. ಎದ್ದರು. ತಮ್ಮ ಕುರ್ಚಿಯನ್ನು ಎಳೆದು, ಸಾಲಿಗೆ ಬೆನ್ನು ಮಾಡಿ, ನಾದಿನಿಯ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು. ಮೇಲಿನ ಎಂಟನ್ನು ಕೇಳಲೇ ಇಲ್ಲ. ನೇರ ಒಂಬತ್ತನೆಯದಕ್ಕೆ ಹೋದರು. ಓದಲಿಲ್ಲ, ಬಾಯಲ್ಲೇ ಕೇಳಿದರು.

"ಸತ್ತುಹೋದ್ರೆ ವಾಸಿ ಅಂತ ಅನಿಸುತ್ತೇನಮ್ಮಾ?"

ನಾದಿನಿ ತನ್ನ ಅಂಗೈಗಳನ್ನು ನೋಡಿಕೊಂಡಳು.

"ಹೂಂ."

"ಯಾವಾಗ್ಲಾದ್ರೂ ಒಂದೊಂದ್ಸಲವಾ?"

"ದಿನಾ."

ಹಿಂದಿನ ದಿನದಿಂದ ಮರಗಟ್ಟಿದ್ದ ಮೈಗೆ ಆ ಮಾತೊಂದು ಸೂಜಿಯ ಹಾಗೆ ಚುಚ್ಚಿತು. ಮೇಜು ಹಿಡಿದು ನಿಂತೆ. ಕೌನ್ಸೆಲರ್ ಪೆನ್ನು ಹಿಡಿದೇ ಇದ್ದರು, ಬರೆಯಲಿಲ್ಲ.

"ಬರೀರಿ ಮೇಡಂ."

ಮೂರು ಬರೆದರು. ಆಮೇಲೆ ಫೋನ್ ತೆಗೆದು ಗಾಡಿಗೆ ಹೇಳಿದರು. ವಿಳಾಸ ಎರಡು ಸಲ ಸ್ಪಷ್ಟವಾಗಿ ಹೇಳಿದರು. ಇಂಕಿನ ಪ್ಯಾಡನ್ನು ನಾದಿನಿಯ ಕಡೆ ಸರಿಸಿದರು.

ನಾದಿನಿ ಹೆಬ್ಬೆಟ್ಟಿಗೆ ಇಂಕು ಹಚ್ಚಿಕೊಂಡಳು. ಒತ್ತಲಿಲ್ಲ. ಕಾಗದದ ಮೇಲೆ ಬಗ್ಗಿ, ಆ ಕೊನೆಯ ಚೌಕವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಲೆ ಎತ್ತಿ ನನ್ನನ್ನು ಕೇಳಿದಳು.

"ಅತ್ತಿಗೆ, ಇದು ಸೊನ್ನೆ ಅಲ್ಲ ತಾನೇ?"

"ಅಲ್ಲ ಕಣೇ."

"ನೀನು ಬರೆದಿದ್ದಲ್ಲ ತಾನೇ?"

"ಅಲ್ಲ. ನೀನು ಹೇಳಿದ್ದು."

ಆಗ ಒತ್ತಿದಳು.